ಎಡಗಡೆಯ ಬೋಲ್ಟು

ಶಹಾಪುರ, ಸೋಮವಾರ

ಅಂಬ್ರಪ್ಪ ಮಾಸ್ತರರಿಗೆ ಮೆಕ್ಯಾನಿಕ್ ಅಯ್ಯಣ್ಣನ ನಮಸ್ಕಾರಗಳು.

ನಿಮ್ಮ ಮಗ ದುರಗಪ್ಪ ರೇಸಿನ ಹುಚ್ಚಿಗೆ ಸತ್ತನೆಂದು ಜನ ಹೇಳುತ್ತಿದ್ದಾರೆ. ಅದು ಸುಳ್ಳು. ಅವನ ಸ್ಪೋರ್ಟ್ಸ್ ಕಾರಿಗೆ ಎತ್ತರ, ಬಿಗಿ ಹೊಂದಿಸಬಹುದಾದ ಹೊಸ ಸಸ್ಪೆನ್ಷನ್ ಹಾಕಿದವನು ನಾನು. "ಅಣ್ಣಾ, ದಿನಾ ಕಾಲುವಿ ರಸ್ತಾದಾಗ ನಾರಾಯಣಪುರಕ್ಕ ಡ್ಯೂಟಿಗಿ ಹೋಗ್ತೀನಿ. ವಾರಕ್ಕೊಮ್ಮಿ ಅವ್ವನ್ನ ದವಾಖಾನಿಗಿ ಕರ್ಕೊಂಡು ಹೋಗ್ಬೇಕು. ಆಕಿ ಬೆನ್ನಿಗಿ ತ್ರಾಸ ಆಗಬಾರ್ದು, ಮೆತ್ತಗ ಮಾಡ್ರಿ," ಎಂದಿದ್ದ.

ಎಡಗಡೆ ಮುಂದಿನ ಬೋಲ್ಟನ್ನು ಕೈಯಲ್ಲೇ ತಿರುವಿ, ಕರೆಂಟು ಹೋಯಿತೆಂದು ಚಹಾಕ್ಕೆ ಎದ್ದೆ. ಬಂದ ಮೇಲೆ ಸ್ಪ್ಯಾನರ್ ಹಾಕಿ ಬಿಗಿಯುವುದನ್ನು ಮರೆತೆ. ಮೂರನೇ ದಿನ ಕಾರು ಕಾಲುವೆಗೆ ಬಿತ್ತು. ಮೇಲೆತ್ತಿದಾಗ ನೋಡಿದೆ, ಆ ಬೋಲ್ಟು ಇರಲಿಲ್ಲ. ಯಾರಿಗೂ ಹೇಳಲಿಲ್ಲ.

ಮಣ್ಣು ಕೊಟ್ಟ ದಿನ ನೀವು ನನ್ನ ಕೈ ಹಿಡಿದು, "ನಿಂದೇನೂ ತಪ್ಪಿಲ್ಲ ತಮ್ಮಾ, ಅಂವಾ ಜೋರ್ ಓಡಸ್ತಿದ್ದ," ಎಂದಿರಿ. ನಾನು ಕೈ ಬಿಡಿಸಿಕೊಂಡು ಮನೆಗೆ ಬಂದೆ.

ನಾಳೆ ಸುರಪುರ ಠಾಣೆಗೆ ಹೋಗಿ ಎಲ್ಲವನ್ನೂ ಬರೆದುಕೊಡುತ್ತೇನೆ. ಅವರು ಬಂದು ನೋಡುವವರೆಗೆ ಕಾರನ್ನು ಗುಜರಿಗೆ ಕೊಡಬೇಡಿ. ಈ ಪತ್ರವನ್ನು ದುರಗಪ್ಪನ ತಾಯಿ ದೇವಕಮ್ಮನವರಿಗೆ ನೀವೇ ಓದಿ ಹೇಳಿರಿ. ಮಗ ನಿಧಾನವಾಗಿಯೇ ಓಡಿಸುತ್ತಿದ್ದ ಎಂದು ಅವರೊಬ್ಬರೇ ಹೇಳುತ್ತಿದ್ದಾರೆ. ಇನ್ನು ಮೇಲೆ ಅವರಿಗೆ ಸುಮ್ಮನಿರು ಅನ್ನಬೇಡಿ.

ನಿಮ್ಮ ಮುಖ ನೋಡಲಾರದ,
ಅಯ್ಯಣ್ಣ