ನೀರು ಕಾಯಿಸಿ ಗೆದ್ದ ಮೈದುನ

ಅತ್ತಿಗೆಯವರ ಪಾದಗಳಿಗೆ ಅಡ್ಡಬಿದ್ದು,

"ನನ್ನ ಮೈದುನನಿಗೆ ನೀರು ಕಾಯಿಸೋಕೂ ಬರಲ್ಲ" ಎಂದು ನೀವು ಬಂಧುಬಳಗಕ್ಕೆಲ್ಲ ಸಾರಿದ ಮಾತನ್ನು ಈ ಕೂಡಲೇ ಹಿಂದಕ್ಕೆ ಪಡೆಯತಕ್ಕದ್ದು.

ಇಲ್ಲಿ ವಠಾರದಲ್ಲಿ ನಾವು ಐವರು ಬಾಡಿಗೆದಾರರು ಭಾನುವಾರ ಮಧ್ಯಾಹ್ನ ಒಂದೊಂದು ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತೇವೆ. ಯಾರ ಅಡುಗೆ ಹೆಚ್ಚು ಉಳಿಯುತ್ತದೋ ಅವರು ವಾರವಿಡೀ ಎಲ್ಲರ ಪಾತ್ರೆ ತೊಳೆಯಬೇಕು. ಮೂರು ವಾರ ತೊಳೆದು ನನ್ನ ಅಂಗೈ ರೇಖೆಗಳೇ ಅಳಿಸಿಹೋಗಿವೆ.

ಇಂದು ಕೂಸ್‌ಕೂಸ್ ಎಂಬ ವಿದೇಶಿ ಗೋಧಿಕಾಳು ತಂದೆ. ನೋಡಲು ಥೇಟ್ ದಪ್ಪ ರವೆ. ಈರುಳ್ಳಿ ಬಾಡಿಸಿ, ನೀವು ಕಟ್ಟಿಕೊಟ್ಟ ಮಸಾಲೆ ಪುಡಿ ಹಾಕಿ, ನೀವು ರವೆಗೆ ಹೇಳಿದ್ದ ಲೆಕ್ಕದಲ್ಲೇ ಒಂದಕ್ಕೆ ಮೂರು ಲೋಟ ನೀರು ಕುದಿಸಿ, ತಿರುವಲು ಸೌಟು ಹಿಡಿದು ನಿಂತೆ. ಮಹಡಿ ಮನೆಯ ನರ್ಸಮ್ಮ ಓಡಿಬಂದು ಸೌಟು ಕಿತ್ತುಕೊಂಡರು.

"ಅಯ್ಯೋ, ಗೋಡೆಗೆ ಅಂಟಿಸೋಕಾ ಇದು? ಎರಡು ಲೋಟ ನೀರು ತೆಗೀರಿ! ಒಲೆ ಆರಿಸಿ, ಕಾಳು ಸುರಿದು ಮುಚ್ಚಿ, ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂರುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ವಂಶದಲ್ಲೇ ಇಲ್ಲವಷ್ಟೆ! ಮುಚ್ಚಳ ತೆಗೆದರೆ ಕಾಳು ಕಾಳು ಬಿಡಿಬಿಡಿಯಾಗಿ, ಘಮ್ಮೆನ್ನುತ್ತಿತ್ತು. ಮೂಲೆ ಕೋಣೆಯ ಬಡಗಿ ತಳ ಕೆರೆದು ತಿಂದ.

ಆ ಗಲಾಟೆಯಲ್ಲಿ ನರ್ಸಮ್ಮನ ಎಲೆಕೋಸಿನ ಪಲ್ಯವನ್ನು ಯಾರೂ ಮುಟ್ಟಲಿಲ್ಲ. ಈಗ ನನ್ನ ಗುರುಗಳು ಪಾತ್ರೆ ಉಜ್ಜುತ್ತ, "ಹೇಳಿಕೊಟ್ಟಿದ್ದು ನಂದೇ ತಪ್ಪು" ಎನ್ನುತ್ತಿದ್ದಾರೆ.

ಆರೋಗ್ಯ ಚೆನ್ನಾಗಿದೆ, ಹೆಬ್ಬೆರಳು ಮಾತ್ರ ತುಸು ಸುಟ್ಟಿದೆ. ಮಸಾಲೆ ಪುಡಿ ಮುಗಿಯಿತು. ಎರಡು ಪೊಟ್ಟಣ ಕಳಿಸಿ. ಒಂದು ನರ್ಸಮ್ಮನಿಗೆ, ಗುರುದಕ್ಷಿಣೆ.

ಇಂತಿ, ಕಾಗದದಲ್ಲಿ ಜಾಗವಿಲ್ಲದೆ ಮುಗಿಸುವ,
ನೀರು ಕಾಯಿಸಬಲ್ಲ ಮೈದುನ