ರಾವೊನ್ ಎತ್ತಿದ ಕೈ

ಬುಂದಾಂಗ್
ನವೆಂಬರ್ ೯, ಭಾನುವಾರ

ಪ್ರೀತಿಯ ಯುನ್‌ಹೀ ಅಕ್ಕನಿಗೆ,

ಇಷ್ಟು ವರ್ಷ ಯಾರಿಗೂ ಹೇಳದ ಮಾತೊಂದನ್ನು ಮೊದಲೇ ಬರೆದುಬಿಡುತ್ತೇನೆ. ಚಿಕ್ಕಂದಿನಲ್ಲಿ ನನಗೆ ನಿನ್ನ ಭಯವಿತ್ತು. ಅಮ್ಮನದಲ್ಲ, ಮೇಷ್ಟರದಲ್ಲ, ನಿನ್ನದು. ಅಮ್ಮ ದಿನವಿಡೀ ಅಂಗಡಿಯಲ್ಲಿ ಗಿರಾಕಿಗಳಿಗೆ ಅನ್ನ-ಸಾರು ಬಡಿಸುತ್ತಿದ್ದಾಗ ನನ್ನನ್ನು ಸಾಕಿದವಳು ನೀನು. ನಮ್ಮಕ್ಕನೇ ನನ್ನನ್ನು ಬೆಳೆಸಿದಳು ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತೇನೆ, ಅದು ನಿಜ. ಸಂಜೆ ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಕೇಳಿದರೆ ಆಟ ಬಿಟ್ಟು ಪುಸ್ತಕ ಎಳೆದುಕೊಂಡು ಕೂರುತ್ತಿದ್ದೆ, ಅದೂ ನಿಜ.

ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಕಾಗದ.

ಮಗಳು ರಾವೊನ್‌ಳನ್ನು ನನಗೊಪ್ಪಿಸಿ ಬ್ಯಾಂಕಿನ ತರಬೇತಿಗೆಂದು ದೇಜಾನ್‌ಗೆ ಹೊರಟಾಗ ನೀನು ಇಂಗ್ಲಿಷ್ ಅಕ್ಷರದ ಕಾರ್ಡುಗಳನ್ನು ನನ್ನ ಕೈಗಿಟ್ಟು, "ಶಾಲೆ ಅರ್ಧಕ್ಕೆ ಬಿಟ್ಟೆ, ಕಾಫಿ ಅಂಗಡಿ ಕೆಲಸ ಅರ್ಧಕ್ಕೆ ಬಿಟ್ಟೆ. ಇದನ್ನಾದ್ರೂ ಕೊನೆ ಮುಟ್ಟಿಸೇ ಮಹರಾಯ್ತಿ" ಎಂದೆಯಲ್ಲ, ನನಗೆ ನಗು ಬಂದಿತ್ತು. ಅವಳ ಇಂಗ್ಲಿಷ್ ಅಕಾಡೆಮಿಯ ಪ್ರವೇಶ ಪರೀಕ್ಷೆ ತಿಂಗಳ ಕೊನೆಗೆ. ರಾವೊನ್‌ಗೆ ಗಿಡ್ಡ ಸ್ವರಗಳೆಲ್ಲ ಬರುತ್ತಿದ್ದವು, ಉದ್ದದವು ಮಾತ್ರ ಗಂಟಲಲ್ಲೇ ಉಳಿಯುತ್ತಿದ್ದವು. ಶಿಪ್ ಎಂದರೆ ಹಡಗು ತೋರಿಸುತ್ತಾಳೆ. ಶೀಪ್ ಎಂದರೂ ಹಡಗೇ.

ನಿನ್ನೆ ಕಾರ್ಡು ಬಿಟ್ಟು ಆಟ ಮಾಡೋಣ ಎಂದುಕೊಂಡೆ. ಗಿಡ್ಡ ಸ್ವರಕ್ಕೆ ಒಂದು ಚಪ್ಪಾಳೆ. ಉದ್ದ ಸ್ವರಕ್ಕೆ, ಉಸಿರು ಇರುವಷ್ಟು ಹೊತ್ತು ಎಳೆಯುತ್ತಾ ಎರಡೂ ಕೈ ಮೇಲಕ್ಕೆ. ನಾನೇ ಮೊದಲು ಸೋಫಾದ ಮೇಲೆ ಹತ್ತಿ "ಈ..." ಎಂದು ಕೈಯೆತ್ತಿದೆ. "ಚಿಕ್ಕಿ, ನೀನು ಕುರಿ ಥರಾನೇ ಕಾಣ್ತೀಯ" ಎಂದು ಅವಳು ಬಿದ್ದು ಬಿದ್ದು ನಕ್ಕಳು. ಈಗ ನಿನ್ನ ಸರದಿ ಎಂದೆ.

ಅವಳು ಕೈಯೆತ್ತಿದಳು. ನಗು ಅಲ್ಲಿಗೇ ನಿಂತಿತು. ಕೈ ಇಳಿಸದೆ ಗೋಡೆಯ ಹತ್ತಿರ ಹೋಗಿ, ಮುಖ ಅತ್ತ ತಿರುಗಿಸಿ ಮಂಡಿಯೂರಿದಳು. ಇದೂ ತುಂಟಾಟವೆಂದು ನಾನು ದಡ್ಡಿಯ ಹಾಗೆ ನಗುತ್ತಲೇ ಇದ್ದೆ. ಕರೆದರೂ ಅವಳು ಕೈ ಇಳಿಸಲಿಲ್ಲ.

ಶಿಕ್ಷೆಯೆಂದು ಮಕ್ಕಳನ್ನು ಹೀಗೆ ಕೈಯೆತ್ತಿಸಿ ಕೂರಿಸುವವರು ನಮ್ಮೂರಲ್ಲಿ ಎಷ್ಟೋ ಜನ. ಶಿಶುವಿಹಾರದಲ್ಲಿ ಯಾರೋ ಮಾಡಿಸಿರಬೇಕು, ಸೋಮವಾರವೇ ಹೋಗಿ ಜಗಳವಾಡುತ್ತೇನೆ ಎಂದುಕೊಂಡು ಹತ್ತಿರ ಹೋದೆ. ಆಗ ನೋಡಿದೆ. ಅವಳ ಮೊಣಕೈಗಳು ಕಿವಿಗೆ ಒತ್ತಿಕೊಂಡಿದ್ದವು.

ಅಕ್ಕ, ಕಿವಿಗೆ ಮೊಣಕೈ ತಾಗಲೇಬೇಕು, ಸಡಿಲವಾದರೆ ಮತ್ತೆ ಮೊದಲಿಂದ ಎಂಬ ನಿಯಮ ಯಾವ ಶಾಲೆಯದೂ ಅಲ್ಲ. ಅದು ನಿನ್ನದು, ನನಗೂ ಹೀಗೇ ಮಾಡಿಸುತ್ತಿದ್ದೆಯಲ್ಲ. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ.

ಯಾಕೆ ಪುಟ್ಟಿ ಎಂದು ಕೇಳಿದ್ದಕ್ಕೆ, ಗೋಡೆಯನ್ನೇ ನೋಡುತ್ತಾ, "ಉದ್ದದ್ದು ನಂಗೆ ತಪ್ಪೇ ಬರೋದು ಚಿಕ್ಕಿ. ಅಮ್ಮ ಬರೋಷ್ಟರಲ್ಲಿ ಈಗ್ಲೇ ಮುಗಿಸಿಬಿಡ್ತೀನಿ" ಎಂದಳು. ಇನ್ನೂ ಮಾಡದ ತಪ್ಪಿನ ಶಿಕ್ಷೆಯನ್ನು ಮುಂಚಿತವಾಗಿ ತೀರಿಸುತ್ತಿದ್ದಳು.

ಭಾವನಿಗೆ ಇಂದು ಬೆಳಿಗ್ಗೆ ಹೇಳಿದೆ. ಅವರು ರಾವೊನ್‌ಗೆ ಕಿತ್ತಳೆ ಸುಲಿಯುತ್ತಿದ್ದರು. ಬೆಚ್ಚಿಬೀಳುತ್ತಾರೆಂದುಕೊಂಡಿದ್ದೆ. ಬೆಚ್ಚಿದವಳು ನಾನು. "ಶಿಸ್ತು ಅಂತಿದ್ಲು. ನಾನು ಒಳಗೆ ಬಾಗಿಲು ಹಾಕ್ಕೊಂಡಿರ್ತಿದ್ದೆ" ಎಂದರು, ತಲೆಯೆತ್ತದೆ. ಬಾಗಿಲು ಹಾಕ್ಕೊಂಡ್ರೆ ಕಿವಿಯೂ ಮುಚ್ಚಿಹೋಗುತ್ತಾ ನಿಮಗೆ ಎಂದು ಕೇಳಿಬಿಟ್ಟೆ. ಭಾವನ ಎದುರು ಹಾಗೆಲ್ಲ ಮಾತಾಡಬಾರದು, ಗೊತ್ತು. ಕ್ಷಮೆ ಕೇಳಿಲ್ಲ, ಕೇಳುವುದೂ ಇಲ್ಲ. ಕಿತ್ತಳೆ ಕೆಳಗಿಟ್ಟು ಅವರು, "ಪರೀಕ್ಷೆ ಬೇಡ. ಯುನ್‌ಹೀಗೆ ನಾನೇ ಹೇಳ್ತೀನಿ" ಎಂದರು. ಹೇಳುತ್ತಾರೋ ಇಲ್ಲವೋ, ನನಗೆ ನಂಬಿಕೆಯಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

"ನಿನಗೆ ಶಿಸ್ತು ಸಾಲದ್ದಕ್ಕೇ ಹೀಗಾದೆ, ಶಾಲೆ ಬಿಟ್ಟವಳು ನನಗೆ ಬುದ್ಧಿ ಹೇಳ್ತೀಯ" ಎಂದು ನೀನು ಅನ್ನುತ್ತೀಯ. ಅನ್ನು. ನಿನಗೆ ರಾವೊನ್ ಮೇಲೆ ಪ್ರೀತಿಯಿಲ್ಲವೆಂದು ನಾನು ಹೇಳುತ್ತಿಲ್ಲ. ನನ್ನ ಮೇಲೂ ಇತ್ತು. ಆದರೆ ನೀನು ಇನ್ನು ಕೈಯೆತ್ತಿಸುವುದಿಲ್ಲವೆಂದು ಅವಳ ಮುಖ ನೋಡಿ ಹೇಳುವವರೆಗೆ ಅವಳನ್ನು ನಿನ್ನೊಬ್ಬಳ ಜೊತೆ ಬಿಡಲು ನನಗೆ ಆಗುವುದಿಲ್ಲ.

ನಿನ್ನ ತಂಗಿ,
ತೆಹೀ

ಮರೆತ ಮಾತು: ಅಮ್ಮನಿಗೂ ಫೋನ್ ಮಾಡಿ ಎಲ್ಲ ಹೇಳಿದೆ. ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು. ಆಮೇಲೆ, "ಕಿವಿಗೆ ಮೊಣಕೈ ತಾಗ್ಬೇಕು ಅಂತ ಯುನ್‌ಹೀಗೆ ಕಲಿಸಿದ್ದು ನಾನೇ ಕಣೇ. ನೀನಾಗ ಹುಟ್ಟಿರ್ಲಿಲ್ಲ" ಎಂದಳು. ಮರುಕ್ಷಣವೇ, "ಮಗೂನ ಇಲ್ಲಿಗೆ ಕರ್ಕೊಂಡು ಬಾ. ನೀನೂ ಇಲ್ಲೇ ಇರು, ನನ್ನ ಮೇಲೂ ಒಂದು ಕಣ್ಣಿರ್ಲಿ" ಎಂದಳು. ಭಾವ ಟಿಕೆಟ್ ತೆಗೆದುಕೊಟ್ಟಿದ್ದಾರೆ. ನಾಳೆ ಬೆಳಗಿನ ರೈಲಿಗೆ ರಾವೊನ್ ಮತ್ತು ನಾನು ಮೋಕ್‌ಪೋಗೆ, ಅಮ್ಮನ ಮನೆಗೆ ಹೊರಡುತ್ತೇವೆ.