ಸೈದಪ್ಪ ಕೇಳಿದ ಹೆಸರು

ಕರಜಗಿ, ತಾ॥ ಅಫಜಲಪುರ
ಗುರುವಾರ, 7-1-1988

ಪ್ರೀತಿಯ ಮಗಳು ಪ್ರಮಿಲಾಗೆ,

ನಿನ್ನ ಅಪ್ಪನ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಪೆನ್ನು ಹಿಡಿದೆ, ಕೈ ಮುಂದೆ ಹೋಗಲಿಲ್ಲ. ಸೊಲ್ಲಾಪುರದಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿರುವಿರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಮೂರು ಸಲ ಕುಳಿತೆ. ಮೂರು ಸಲವೂ ನೀನು ಕೇಳಿದ ಆ ಒಂದು ಪ್ರಶ್ನೆಗೆ ಬಂದು ನಿಂತುಬಿಟ್ಟೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಸೊಂಟನೋವಿನ ಬಗ್ಗೆ ಭಾಷಣ ಮಾಡುವುದಿದೆ, ಅದರಲ್ಲಿ ಅವ್ವನ ವಿಷಯವನ್ನೂ ಹೇಳಬೇಕು, ಘತ್ತರಗಿಯಲ್ಲಿ ಹೊಳೆಯ ಮೆಟ್ಟಿಲ ಮೇಲೆ ಆಕೆ ಹೇಗೆ ಜಾರಿದಳು, ಯಾವ ಮಗ್ಗುಲಿಗೆ ಬಿದ್ದಳು, ಯಾರು ಎತ್ತಿದರು, ಎಲ್ಲ ಬರೆದು ಕಳಿಸಪ್ಪಾ ಎಂದಿದ್ದೆ. ಬರೆಯುತ್ತೇನೆ. ಮೊದಲು ಇಲ್ಲಿಯ ಸಂಕಟ ಕೇಳು. 'ಟು ದಿ ಪಾಯಿಂಟ್' ಬರೆಯಿರಿ ಎಂದು ಗುಲ್ಬರ್ಗ ಕಾಲೇಜಿನ ಪ್ರೊಫೆಸರರು ಎರಡು ವರ್ಷ ತಲೆ ಚಚ್ಚಿಕೊಂಡರು. ಅವರಿದ್ದಾಗಲೂ ನನಗೆ ಬರಲಿಲ್ಲ.

ನೀನು ದೀಪಾವಳಿಗೆ ಬಂದಾಗ ಶಾಲೆಯ ಪಡಸಾಲೆಯ ಗೋಡೆಗೆ ಗಂಜಿ ಹಚ್ಚಿ ಅಂಟಿಸಿದ ವ್ಯಾಯಾಮದ ಚಿತ್ರಗಳು ಇನ್ನೂ ಇವೆ. ಮೂಲೆಯೊಂದನ್ನು ಮೇಕೆ ತಿಂದಿದೆ, ಅಷ್ಟೆ. ವಾರಕ್ಕೆ ಮೂರು ದಿನ ಸಂಜೆ ಜಮಖಾನ ಹಾಸಿ ಹೇಳಿಕೊಡುತ್ತಿದ್ದೇನೆ. ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚುವುದು, ಸೊಂಟವನ್ನು ನೆಲಕ್ಕೆ ಒತ್ತಿ ಐದು ಎಣಿಸುವುದು, ಕೊಡ ಎತ್ತುವಾಗ ಕುಕ್ಕರಗಾಲಲ್ಲಿ ಕುಳಿತು ಎದೆಗೆ ಹತ್ತಿರ ಹಿಡಿದು ಏಳುವುದು. 'ಪೆಲ್ವಿಕ್' ಆದ ಮೇಲೆ ಬರುವ ಶಬ್ದ ಮರೆತಿದ್ದೇನೆ, ಆದರೆ ಮಾಡಿಸುವುದನ್ನು ಮರೆತಿಲ್ಲ. ಹನ್ನೊಂದು ಹೆಂಗಸರು ಬರುತ್ತಾರೆ. ಸೂಲಗಿತ್ತಿ ಅಜೀಜಾಬಿ ಮೊಣಕಾಲು ನೋವಿಗೆಂದು ಬಂದವಳು ಮೊದಲ ದಿನವೇ ಎಲ್ಲರನ್ನೂ ನಗಿಸಿದಳು.

"ಮಾಸ್ತರ, ಇಷ್ಟ ವರ್ಷ ಒದ್ದು ಮನಿಗಿ ಕಳಸ್ತಿದ್ರಿ. ಈಗ ಮಲಗಿಸಿ ಕವಾಯತ ಮಾಡಸಾಕತ್ತೀರಿ. ಮೊದಲಿನದ ಛಲೋ ಇತ್ತರಿ, ಜಲ್ದಿ ಮುಗೀತಿತ್ತು!"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗಬೇಕಾಗುತ್ತದೆ. ನಾನು ಕಾಲು ಮುಂದಾಗಿ ಹುಟ್ಟಿದವನು, ನಿಮ್ಮ ಸೊಲ್ಲಾಪುರದವರು ಪಾಯಾಳು ಅನ್ನುತ್ತಾರಲ್ಲ, ಹಾಗೆ. ಹಾಗೆ ಹುಟ್ಟಿದವನ ಎಡಗಾಲು ತಾಗಿದರೆ ಉಳುಕು ಹೋಗುತ್ತದೆಂದು ಮೂವತ್ತು ವರ್ಷ ಈ ಊರು, ಸುತ್ತಲಿನ ಊರು ನಮ್ಮ ಬಾಗಿಲಿಗೆ ಬಂತು. ಹೊಸ್ತಿಲಲ್ಲಿ ನಿಂತು ಚೌಕಟ್ಟು ಹಿಡಿಯುತ್ತಿದ್ದರು, ನಾನು ಹಿಂದಿನಿಂದ ಸೊಂಟಕ್ಕೆ ಮೂರು ಸಲ ಒದೆಯುತ್ತಿದ್ದೆ. ಒಂದು ತೆಂಗಿನಕಾಯಿ ಇಟ್ಟು ಕೈ ಮುಗಿದು ಹೋಗುತ್ತಿದ್ದರು. ನಾಲ್ಕು ದಿನಕ್ಕೆ ತಾನಾಗಿ ಹೋಗುವ ಉಳುಕಿನ ಪುಣ್ಯವೆಲ್ಲ ನನ್ನ ಕಾಲಿಗೆ. ಓದಿದವನು ನಾನು, ನಾಚಿಕೆಯಾಗಬೇಕಿತ್ತು. ನಿಜ ಹೇಳಲೇ? ಹೆಮ್ಮೆಯಾಗುತ್ತಿತ್ತು. ನಿನ್ನ ಅವ್ವ ಹಾಸಿಗೆ ಹಿಡಿದ ದಿನದಿಂದ ಒದೆಯುವುದನ್ನು ಬಿಟ್ಟೆ. ಮಗಳ ಮಾತಿಗೆ ಬೆಲೆ ಕೊಟ್ಟು ಅದನ್ನು ಬಿಟ್ಟರು ಎಂದು ದೀಪಾವಳಿಯಲ್ಲಿ ಎಲ್ಲರೆದುರು ನನ್ನನ್ನು ಹೊಗಳಿದೆ ನೀನು. ನಾನು ತಲೆ ಬಗ್ಗಿಸಿ ಕುಳಿತಿದ್ದೆ.

ಈಗ ನಿಂಬೆವ್ವನ ಮಾತು. ಕಬ್ಬು ಕಡಿಯುವ ಸೈದಪ್ಪನ ಹೆಂಡತಿ. ನೀನು ನೋಡಿದ್ದೀ, ಮುಂದಿನ ಸಾಲಿನಲ್ಲಿ ಮಲಗಿ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದವಳು. ಮೂವತ್ತೂ ಆಗಿಲ್ಲ, ಎರಡು ಮಕ್ಕಳು. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಅವಳೇ. ಹೊಲದಲ್ಲಿ ಕುಕ್ಕರಗಾಲಲ್ಲಿ ಕುಳಿತು ಹೊರೆ ಎತ್ತಿದರೆ ಉಳಿದವರು, "ಏನಬೇ, ಕೋಳಿ ಕಾವಿಗಿ ಕುಂತಂಗ ಕುಂದರ್ತಿ?" ಎಂದು ಕಾಡುತ್ತಿದ್ದರಂತೆ. ಬಿಡಲಿಲ್ಲ. ಆದರೆ ಗಾಡಿ ತುಂಬುವ ಅವಸರದಲ್ಲಿ ಹೊತ್ತ ಹೊರೆಯ ಸಮೇತ ಸೊಂಟ ತಿರುವಿದಳು. ಹತ್ತು ದಿನದಿಂದ ನೋವು ಎಡಗಾಲಿಗೆ ಇಳಿದಿದೆ. ನಾನು ಆ ಕ್ಷಣಕ್ಕೆ ಅವಳ ವ್ಯಾಯಾಮ ನಿಲ್ಲಿಸಿದೆ. ಅಫಜಲಪುರದ ಡಾಕ್ಟರು ಸೂಜಿ ಹಾಕಿ, ಸೊಲ್ಲಾಪುರಕ್ಕೆ ಒಯ್ಯಿರಿ, ತಡ ಮಾಡಬೇಡಿ ಎಂದರು. ಸುಗ್ಗಿ ಮುಗಿಯಲಿ ಎಂದ ಸೈದಪ್ಪ.

ಮೊನ್ನೆ ಮಂಗಳವಾರ ಅವಳು ಪಡಸಾಲೆಗೆ ಬಂದಳು. ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಎಂದರೆ ಕಾಲು ನೋಡಿಕೊಂಡು ಅವಳೇ ಬೆರಗಾದಳು. ಹಿಂದೆ ಹತ್ತು ಮಾರು ದೂರದಲ್ಲಿ ಬಿದ್ದಿತ್ತು. ಕಳಚಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. "ಕಾಲು ನಂದ ಅಲ್ಲ ಅನ್ನಂಗಾಗೇದರಿ ಮಾಸ್ತರ" ಎಂದು ನಕ್ಕಳು. ಪಮ್ಮಿ, ಆ ಚಪ್ಪಲಿ ಕಳಚುವುದನ್ನು ನಾನು ಹಿಂದೊಮ್ಮೆ ಕಂಡಿದ್ದೇನೆ.

ಅವತ್ತೇ ಸಂಜೆ ಸೈದಪ್ಪ ಮನೆಗೆ ಬಂದ. ಕೈಯಲ್ಲಿ ತೆಂಗಿನಕಾಯಿ.

"ಮಾಸ್ತರ, ಒಂದೇ ಸಲ. ನಿಮ್ಮ ಕಾಲಿನ ಗುಣ ನನಗ ಗೊತ್ತದ. ನಮ್ಮಪ್ಪಗ ಒದ್ದಿದ್ರಿ, ಮರುದಿನ ನೇಗಿಲ ಹೂಡಿದ."

ಇಲ್ಲಪ್ಪ, ಅದು ಬೇರೆ, ಇದು ಬೇರೆ, ಇವಳಿಗೆ ನರಕ್ಕೆ ಒತ್ತಿದೆ, ಒದ್ದರೆ ಕೆಡುತ್ತದೆ, ನಾಳೆಯೇ ಪ್ರಮಿಲಾಳ ಹತ್ತಿರ ಕರೆದುಕೊಂಡು ಹೋಗೋಣ ಎಂದೆ. ಬೆನ್ನೆಲುಬಿನ ಚಿತ್ರ ತೋರಿಸಿದೆ. ನರ್ವ್, ಡಿಸ್ಕ್ ಎಂದು ನೆನಪಿಗೆ ಬಂದ ಇಂಗ್ಲೀಷನ್ನೆಲ್ಲ ಸುರಿದೆ. ಅವನು ಸಮಾಧಾನದಿಂದಲೇ ಕೇಳಿಸಿಕೊಂಡ. ಕೆಟ್ಟವನಲ್ಲ. ರಾತ್ರಿ ಹೆಂಡತಿಯ ಕಾಲು ಒತ್ತುತ್ತಾನೆ, ನಿಂಬೆವ್ವನೇ ಹೇಳಿದ್ದಾಳೆ.

"ಇರ್ಲಿ ಬಿಡ್ರಿ" ಎಂದ. "ಐತವಾರ ಘತ್ತರಗಿ ಅವ್ವನ ದರ್ಶನಕ್ಕ ಹೊಂಟೀವಿ. ಅಲ್ಲಿ ಅಮೋಘಸಿದ್ದ ಅದಾನ, ಅವನೂ ನಿಮ್ಮಂಗ ಕಾಲು ಮುಂದಾಗಿ ಹುಟ್ಟಿದಾವ. ಅವನಿಗಿ ಇಂಗ್ಲೀಷ್ ಬರೂದಿಲ್ಲ, ಒದಿಯಾಕ ಬರ್ತದ."

ನಾನು ಅವನ ಕೈ ಹಿಡಿದುಕೊಂಡೆ. ಒದೆಸಬೇಡೋ, ಬೇಡೋ ಎಂದೆ. ಆಗ ಅವನಿಗೆ ಸಿಟ್ಟು ಬಂತು.

"ಮೂವತ್ತ ವರ್ಷ ಒದ್ದೀರಿ. ನಿಮ್ಮ ಕಾಲಿನಿಂದ ಯಾರಿಗಿ ಏನಾಗೇದ? ಒಬ್ಬರ ಹೆಸರು ಹೇಳ್ರಿ. ಒಂದೇ ಒಂದು ಹೆಸರು ಹೇಳ್ರಿ, ನಾ ಐತವಾರ ಎಲ್ಲಿಗೂ ಹೋಗೂದಿಲ್ಲ, ನಿಮ್ಮ ಮಗಳ ಕಡೆ ಕರ್ಕೊಂಡು ಹೋಗ್ತೇನಿ."

ನಾನು ಹಿಡಿದಿದ್ದ ಅವನ ಕೈಯನ್ನು ಸಡಿಲಿಸಿದೆ. ತೆಂಗಿನಕಾಯಿಯನ್ನು ಕಟ್ಟೆಯ ಮೇಲೆ ಬಿಟ್ಟು ಹೋದ.

ನಿನ್ನೆ ಅಜೀಜಾಬಿಯನ್ನು ಅವರ ಮನೆಗೆ ಕಳಿಸಿದ್ದೆ. "ಮಾಸ್ತರಗ ವಯಸ್ಸಾತು, ಕಾಲಾಗ ಕಸುವಿಲ್ಲ, ಅದಕ್ಕ ನೆವ ಹೇಳಾಕತ್ತಾರ ಅಂದಾನ್ರಿ ಸೈದಪ್ಪ" ಎಂದು ತಿರುಗಿ ಬಂದಳು. ಇವತ್ತು ಬೆಳಿಗ್ಗೆ ನಾನೇ ಹೋದೆ. ನಿಂಬೆವ್ವ ಗೋಡೆ ಹಿಡಿದು ಎದ್ದು ಬಂದು, "ಸಿಟ್ಟಾಗಬ್ಯಾಡ್ರಿ ಮಾಸ್ತರ, ಎಲ್ಲಾರೂ ಹೇಳಾಕತ್ತಾರ, ಒಮ್ಮಿ ಒದಿಸ್ಕೋತೇನಿ. ಆರಾಮಾದ ಮ್ಯಾಲ ಮತ್ತ ನಿಮ್ಮ ಕವಾಯತಿಗಿ ಬರ್ತೇನಿ" ಎಂದು ನನಗೇ ಸಮಾಧಾನ ಹೇಳಿದಳು.

ಪಮ್ಮಿ, ಐ ಯಾಮ್ ಹೆಲ್ಪ್‌ಲೆಸ್. ಅಂಚೆಯನ್ನು ನಂಬಿದರೆ ಆಗುವುದಿಲ್ಲವೆಂದು ಇದನ್ನು ಸೊಲ್ಲಾಪುರ ಬಸ್ಸಿನ ಕಂಡಕ್ಟರ್ ಮಲಂಗಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ನಿನಗೆ ಸಿಗಬೇಕು. ರಜೆ ಕೊಡದಿದ್ದರೆ ಜಗಳವಾಡಿ ಬಾ. ಭಾನುವಾರ ಅವರು ಹೊರಡುತ್ತಾರೆ, ಶನಿವಾರ ಸಂಜೆಯೊಳಗೆ ಬಾ. ಅವಳನ್ನು ಕರೆದೊಯ್ಯಲು ಜೀಪಿಗೂ ಹೇಳಿದ್ದೇನೆ. ನೀನು ಆಸ್ಪತ್ರೆಯವಳು, ನಿನ್ನ ಮಾತು ಕೇಳಿಯಾನು. ಹೀಗೆ ಬರೆಯುತ್ತಿದ್ದೇನೆ, ಆದರೆ ಕೇಳಲಿಕ್ಕಿಲ್ಲ ಎಂದೂ ನನಗೆ ಗೊತ್ತಿದೆ. ಅವನು ಕೇಳಿದ್ದು ಡಾಕ್ಟರನ್ನಲ್ಲ.

ನೀನು ನೂರು ವರ್ಷ ಬಾಳು. ನಿನ್ನ ಕೈ ಹಿಡಿದು ಎದ್ದವರೆಲ್ಲ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋಗಲಿ. ಅಳಿಯಂದಿರಿಗೆ ನನ್ನ ನೆನಪು ತಿಳಿಸು.

ನಿನ್ನ ಅಪ್ಪ,
ಶ್ರೀಪಾದ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದೆ. ಮಲಂಗಸಾಬ ಚಹಾ ಕುಡಿಯುತ್ತಿದ್ದಾನೆ. ಒಡೆದು ಬರೆಯುತ್ತಿದ್ದೇನೆ.

ನಿನ್ನ ಅವ್ವ ಜಾರಿಬೀಳಲಿಲ್ಲ. ಅವತ್ತು ನಾವು ಘತ್ತರಗಿಗೆ ಹೋಗಲೇ ಇಲ್ಲ.

ಎಂಟು ದಿನದಿಂದ ಆಕೆಯ ಎಡಗಾಲು ಜೋಮು ಹಿಡಿದಿತ್ತು. ಬಾವಿಯಿಂದ ಬರುವಾಗ ಚಪ್ಪಲಿ ಕಳಚಿದ್ದು ತಿಳಿಯದೆ ಬಂದಿದ್ದಳು. ನೀನು ಆಗ ಮುಂಬೈಯಲ್ಲಿ ಕಲಿಯುತ್ತಿದ್ದೆ. ಅವ್ವನ ಸೊಂಟಕ್ಕೆಂದು ವ್ಯಾಯಾಮದ ಚಿತ್ರ ಬರೆದು ಕಳಿಸಿದ್ದೆ, ಕೊನೆಗೆ ಕೆಂಪು ಶಾಯಿಯಲ್ಲಿ, ಕಾಲು ಜೋಮು ಹಿಡಿದರೆ ಏನೂ ಮಾಡಬೇಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದಿತ್ತು. ನಾನು ಓದಿದ್ದೆ. ಓದಿ ಡಿಕ್ಷನರಿಯೊಳಗೆ ಇಟ್ಟಿದ್ದೆ. ಆಕೆಗೆ ಓದಿ ಹೇಳಲಿಲ್ಲ.

ಬೆಳಿಗ್ಗೆ ಪೂಜೆ ಮುಗಿಸಿ ಎದ್ದಾಗ ಉಮಾಬಾಯಿ ಹೊಸ್ತಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು. "ಊರ ಮಂದಿಗೆಲ್ಲಾ ಕಾಲು ಹಚ್ಚತೀರಿ, ಹೆಂಡತಿಗೆ ಹಚ್ಚಲಿಕ್ಕೆ ನಾಚಿಕಿ ಬರ್ತದೇನು?" ಎಂದು ನಕ್ಕಳು. ಎರಡು ಸಲ ಮೆಲ್ಲಗೆ ಒದ್ದೆ. ಮೂರನೆಯದು ಜೋರಾಯಿತು. ಆಕೆ ಕೂಗಲಿಲ್ಲ. "ಸಾಕ್ರಿ" ಎಂದಳು. ಚೌಕಟ್ಟು ಬಿಟ್ಟಳು, ಕುಳಿತಳು. ಆಮೇಲೆ ಏಳಲಿಲ್ಲ. ಹದಿನಾಲ್ಕು ತಿಂಗಳು ಹಾಸಿಗೆಯಲ್ಲೇ ಇದ್ದು ತೀರಿಕೊಂಡದ್ದನ್ನು ನೀನು ನೋಡಿದ್ದೀ. ಸೊಲ್ಲಾಪುರಕ್ಕೆ ಒಯ್ಯುವಾಗ ಜೀಪಿನಲ್ಲಿ ನನ್ನ ಕೈ ಹಿಡಿದು, "ಪಮ್ಮಿಗೆ ಹೇಳಬ್ಯಾಡ್ರಿ. ನಿಮ್ಮ ಮಾರಿ ನೋಡಲಿಕ್ಕಿಲ್ಲ ಆಕಿ. ಹೊಳಿ ಮೆಟ್ಟಿಲ ಮ್ಯಾಲ ಜಾರಿದೆ ಅಂತ ಹೇಳ್ರಿ" ಎಂದಳು. ಅದೊಂದು ಮಾತು ನಡೆಸಿಕೊಟ್ಟೆ. ಆಕೆಯ ಸಲುವಾಗಿ ಅಂದುಕೊಂಡಿದ್ದೆ.

ಸೈದಪ್ಪ ಕೇಳಿದ್ದು ಒಂದು ಹೆಸರು. ಅದು ನನ್ನ ನಾಲಿಗೆಯ ಮೇಲೆಯೇ ಇತ್ತು. ನಿನಗಿಂತ ಮೊದಲು ಅವನಿಗೆ ಹೇಗೆ ಹೇಳಲಿ ಎಂದು ನುಂಗಿದೆ.

ಮಲಂಗಸಾಬ ಎದ್ದ. ಬಸ್ಸು ಹೊರಟ ಮೇಲೆ ಇಲ್ಲಿಂದ ನೆಟ್ಟಗೆ ಸೈದಪ್ಪನ ಮನೆಗೆ ಹೋಗುತ್ತೇನೆ. ಅವನ ತೆಂಗಿನಕಾಯಿ ಚೀಲದಲ್ಲಿದೆ. ನೀನು ಶನಿವಾರ ಬಾ. ನನ್ನ ಮಾರಿ ನೋಡುವುದು ಬೇಡವಾದರೆ ಬಸ್ಸಿಳಿದು ನಿಂಬೆವ್ವನ ಮನೆಗೇ ಹೋಗು.